ಸರಿಸಮಾನವಾದ ಎರಡು ಪ್ರೊಸೆಸರುಗಳು: ಕೊಳ್ಳುವವರ ಕರ್ತವ್ಯವೇನು?

ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಭೇದವನ್ನರಿಯಲು ವಿಶೇಷ ವಿವೇಕವೇನೂ ಬೇಕಿಲ್ಲ. ಹೊಟ್ಟನ್ನೂ ಕಾಳನ್ನೂ ಮುಂದಿಟ್ಟರೆ ಎಳೆಯ ಮಗುವೂ ಕಾಳಿಗೇ ಕೈ ಚಾಚುತ್ತದೆ. ಆದರೆ ಎರಡು ವಸ್ತುಗಳು ಒಂದೇ ತೂಕದವಾಗಿ, ಒಂದೇ ಬೆಲೆಯವಾಗಿ, ಎರಡಕ್ಕೂ ಹೊಗಳುಭಟ್ಟರು ಸಮಸಂಖ್ಯೆಯಲ್ಲಿದ್ದಾಗ ಕೊಳ್ಳುವವನ ವಿವೇಕಕ್ಕೆ ನಿಜವಾದ ಪರೀಕ್ಷೆಯೊದಗುತ್ತದೆ. ಮೇಜಿನ ಕಂಪ್ಯೂಟರುಗಳ ಪ್ರೊಸೆಸರುಗಳ ವಿಷಯದಲ್ಲಿ ನಮ್ಮ ಜನರಿಗೆ ಇಂದು ಒದಗಿರುವುದು ಇಂಥ ಪರೀಕ್ಷೆಯೇ. ಇಂಟೆಲ್, ಎ.ಎಂ.ಡಿ. ಎಂಬ ಎರಡು ಅಮೆರಿಕನ್ ಕಂಪನಿಗಳ ಹೆಸರನ್ನು ಹಿಡಿದು ನಮ್ಮ ತರುಣರು ಎರಡು ಪಂಗಡಗಳಾಗಿ ವಾದಿಸುತ್ತಿರುವುದನ್ನು ಯಾವ ಪಟ್ಟಣದಲ್ಲಾದರೂ ಕೇಳಬಹುದು. ಕಚೇರಿಗಳಿಗಾಗಿ ಕಂಪ್ಯೂಟರು ಕೊಳ್ಳುವ ಅಧಿಕಾರಿಗಳಾದರೋ ಈ ವಾದದ ಗೊಡವೆಗೇ ಹೋಗದೆ, ಹಿಂದಿನ ಟೆಂಡರಿನಲ್ಲಿದ್ದ ಹೆಸರನ್ನೇ ಮುಂದಿನ ಟೆಂಡರಿಗೂ ನಕಲು ಮಾಡಿಬಿಡುವುದುಂಟು. ಮೊದಲನೆಯವರದು ಅಭಿಮಾನ, ಎರಡನೆಯವರದು ಆಲಸ್ಯ, ಎರಡರಲ್ಲಿಯೂ ತುಲನೆಯೆಂಬುದಿಲ್ಲ. ಆದಕಾರಣ ಒಂದು ಜೋಡಿಯನ್ನು ಎದುರಿಗಿಟ್ಟುಕೊಂಡು, ತುಲನೆಯೆಂದರೇನು, ಅದನ್ನು ಮಾಡುವ ಕ್ರಮವೇನು ಎಂಬುದನ್ನು ನಮ್ಮ ವಾಚಕರ ಮುಂದೆ ವಿಶದಪಡಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಜೋಡಿಯ ಪರಿಚಯ

ನಾವು ಆರಿಸಿಕೊಂಡಿರುವುದು ಇಂಟೆಲ್ ಕಂಪನಿಯವರ ಕೋರ್ ಐ5-12400 ಮತ್ತು ಎ.ಎಂ.ಡಿ. ಕಂಪನಿಯವರ ರೈಜೆನ್ 5 5600 ಎಂಬ ಎರಡು ಪ್ರೊಸೆಸರುಗಳನ್ನು. ಮೊದಲನೆಯದು 2022ನೆಯ ಇಸವಿಯ ಜನವರಿಯಲ್ಲಿಯೂ ಎರಡನೆಯದು ಅದೇ ವರ್ಷದ ಏಪ್ರಿಲಿನಲ್ಲಿಯೂ ಹೊರಬಂದವು. ಹೊರಬಂದಾಗ ಕಂಪನಿಯವರು ಸಾರಿದ ಬೆಲೆ ಇಂಟೆಲಿನದಕ್ಕೆ 192 ಡಾಲರು, ಎ.ಎಂ.ಡಿ.ಯದಕ್ಕೆ 199 ಡಾಲರು. ಇವು ತೀರ ಹೊಸವಲ್ಲ. ಇವುಗಳ ತರುವಾಯ ಎ.ಎಂ.ಡಿ.ಯವರು 2022ರ ಸೆಪ್ಟೆಂಬರಿನಲ್ಲಿ ಎ.ಎಂ.5 ಎಂಬ ಹೊಸ ಸಾಕೆಟ್ಟಿಗೂ, ಇಂಟೆಲಿನವರು 2024ರ ಅಕ್ಟೋಬರಿನಲ್ಲಿ ಎಲ್.ಜಿ.ಎ. 1851 ಎಂಬ ಸಾಕೆಟ್ಟಿಗೂ ದಾಟಿದ್ದಾರೆ. ಆದರೂ ಮಿತವ್ಯಯದ ಗೃಹಸ್ಥನಿಗೂ ಸಾಧಾರಣ ಕಚೇರಿಗೂ ಇವುಗಳ ಶಕ್ತಿ ಸಾಕಾಗಿ ಮಿಗುವುದು. ಮೇಲಾಗಿ ಇವುಗಳಿಂದ ಕಲಿಯಬಹುದಾದ ಪಾಠಕ್ಕೆ ಮುಪ್ಪಿಲ್ಲ.

ಇವುಗಳ ಪೆಟ್ಟಿಗೆಗಳ ಮೇಲಿನ ಬರಹವನ್ನು ಓದಿದವರಿಗೆ ಇವು ಅವಳಿಜವಳಿಗಳೆಂದೇ ತೋರಬೇಕು. ಎರಡಕ್ಕೂ ಆರಾರು ಕೋರುಗಳು. ಎರಡಕ್ಕೂ ಹನ್ನೆರಡು ಥ್ರೆಡ್ಡುಗಳು. ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್, ಎರಡರ ಮೇಲೂ 65 ವಾಟು ಎಂಬ ಮುದ್ರೆ. ಸಂತೆಯಲ್ಲಿ ಜೋಡೆತ್ತು ಕೊಳ್ಳಲು ಹೋದ ರೈತನು ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಗೊರಸನ್ನು ತಡವುತ್ತಾನೆ. ಆದರೆ ಬರಿಯ ಹಲ್ಲಿನ ಲೆಕ್ಕದ ಮೇಲೆ ಹಣವೆಣಿಸುವುದಿಲ್ಲ. ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಪ್ರೊಸೆಸರಿಗೂ ಇದೇ ನ್ಯಾಯ ಸಲ್ಲತಕ್ಕದ್ದು.

ಅಂಕೆಗಳ ಹಿಂದಿನ ಅರ್ಥ

ಗಿಗಾಹರ್ಟ್ಸ್ ಎಂಬುದು ಪ್ರೊಸೆಸರಿನ ಗಡಿಯಾರದ ಬಡಿತದ ಲೆಕ್ಕ. 4.4 ಗಿಗಾಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ 440 ಕೋಟಿ ಬಡಿತಗಳು. ಆದರೆ ಒಂದೊಂದು ಬಡಿತದಲ್ಲಿ ಎಷ್ಟು ಕೆಲಸ ಮುಗಿಯುವುದೆಂಬುದನ್ನು ಈ ಅಂಕೆ ಹೇಳುವುದಿಲ್ಲ. ಕಣದಿಂದ ಹಗೇವಿಗೆ ಕಾಳು ಹೊರುವ ಇಬ್ಬರು ಆಳುಗಳು ದಿನಕ್ಕೆ ಸಮನಾಗಿ ನೂರು ಸಲ ಓಡಾಡಿದರೂ, ಒಬ್ಬನ ಬುಟ್ಟಿ ದೊಡ್ಡದಾದರೆ ಸಂಜೆಗೆ ಅವನು ಹೊತ್ತ ರಾಶಿಯೇ ದೊಡ್ಡದು.

ಈ ಸರಳ ಸತ್ಯವನ್ನು ಜನರಿಗೆ ತಿಳಿಯಹೇಳಲು ಕಂಪನಿಯವರೇ ಒಮ್ಮೆ ಬಹಳ ಪಾಡುಪಟ್ಟರು. 2001ನೆಯ ಇಸವಿಯ ಅಕ್ಟೋಬರಿನಲ್ಲಿ ಎ.ಎಂ.ಡಿ.ಯವರು 1.53 ಗಿಗಾಹರ್ಟ್ಸಿನ ತಮ್ಮ ಪ್ರೊಸೆಸರಿಗೆ ‘ಅಥ್ಲಾನ್ ಎಕ್ಸ್‌ಪಿ 1800+’ ಎಂದು ಹೆಸರಿಟ್ಟರು. ಬಡಿತ ಕಡಿಮೆಯಾದರೂ ಕೆಲಸ ಹೆಚ್ಚು ಎಂಬುದನ್ನು ಹೆಸರಿನಲ್ಲಿಯೇ ಸಾರುವುದು ಅವರ ಉದ್ದೇಶ. ಆಗ ಇಂಟೆಲಿನವರ ಪೆಂಟಿಯಮ್ 4 ಬಡಿತದಲ್ಲಿ ಮುಂದಿದ್ದು, ಒಂದೊಂದು ಬಡಿತದ ಕೆಲಸದಲ್ಲಿ ಹಿಂದಿತ್ತು. ಕೊನೆಗೆ ಇಂಟೆಲಿನವರೂ 3.8 ಗಿಗಾಹರ್ಟ್ಸಿನಲ್ಲಿ ಆ ಓಟವನ್ನು ನಿಲ್ಲಿಸಿ, 2006ರಲ್ಲಿ ಕಡಿಮೆ ಬಡಿತದ, ಹೆಚ್ಚು ಕೆಲಸದ ಕೋರ್ 2 ಪ್ರೊಸೆಸರುಗಳನ್ನು ತಂದರು. ಇಷ್ಟಾದರೂ ಗಿಗಾಹರ್ಟ್ಸೊಂದನ್ನೇ ಕೇಳಿ ವ್ಯಾಪಾರ ಮುಗಿಸುವ ಗಿರಾಕಿಗಳು ನಮ್ಮಲ್ಲಿ ಇನ್ನೂ ಇದ್ದಾರೆ.

ಕೋರುಗಳೆಂದರೆ ಒಂದೇ ಛಾವಣಿಯ ಕೆಳಗೆ ದುಡಿಯುವ ಗುಮಾಸ್ತರೆನ್ನಬಹುದು. ಥ್ರೆಡ್ಡುಗಳೆಂದರೆ ಪ್ರತಿಯೊಬ್ಬ ಗುಮಾಸ್ತನ ಮುಂದೆಯೂ ಎರಡೆರಡು ಫೈಲುಗಳನ್ನಿಡುವುದು. ಒಂದಕ್ಕೆ ಬೇಕಾದ ಕಾಗದ ಬರುವ ತನಕ ಅವನು ಸುಮ್ಮನೆ ಕೂಡದೆ ಮತ್ತೊಂದನ್ನು ನೋಡುತ್ತಾನೆ. ಇನ್ನು ಕ್ಯಾಶ್ ಎಂಬ ಒಳಗಣ ಸ್ಮರಣಭಂಡಾರ. ಕಚೇರಿಯ ಅನುಭವವುಳ್ಳವರಿಗೆ ಇದನ್ನು ವಿವರಿಸುವುದು ಸುಲಭ. ಬೇಕಾದ ಕಾಗದವು ಮೇಜಿನ ಸೆಳೆಖಾನೆಯಲ್ಲಿದ್ದರೆ ಗಳಿಗೆಯಲ್ಲಿ ಕೈಗೆ ಬರುತ್ತದೆ. ಕೋಣೆಯ ಬೀರುವಿನಲ್ಲಿದ್ದರೆ ಎದ್ದು ಹೋಗಬೇಕು. ಹಿಂಭಾಗದ ದಫ್ತರದ ಕೋಣೆಯಲ್ಲಿದ್ದರೆ ಜವಾನನನ್ನು ಕಳುಹಿಸಿ ಕಾದಿರಬೇಕು. ಮದರ್‌ಬೋರ್ಡಿನ ಮೇಲಿರುವ ರ್‍ಯಾಮ್ ಆ ದಫ್ತರದ ಕೋಣೆಯಂತೆ. ಕ್ಯಾಶ್ ಎಂಬುದು ಸೆಳೆಖಾನೆ ಮತ್ತು ಬೀರುವಿನಂತೆ.

ಪೆಟ್ಟಿಗೆಯ ಮೇಲೆ ಅವಳಿಗಳಂತೆ ಕಂಡವು ಇಲ್ಲಿ ಬೇರೆಯಾಗುತ್ತವೆ. ರೈಜೆನಿನಲ್ಲಿ ಆರು ಕೋರುಗಳಿಗೂ ಸೇರಿದ ಸಾಮಾನ್ಯ ಬೀರು 32 ಮೆಗಾಬೈಟಿನದು; ಇಂಟೆಲಿನದರಲ್ಲಿ 18 ಮೆಗಾಬೈಟಿನದು. ಆದರೆ ಪ್ರತಿಯೊಂದು ಕೋರಿನ ಸ್ವಂತ ಸೆಳೆಖಾನೆಯು ಇಂಟೆಲಿನದರಲ್ಲಿ 1.25 ಮೆಗಾಬೈಟು, ರೈಜೆನಿನದರಲ್ಲಿ ಅರ್ಧ ಮೆಗಾಬೈಟು ಮಾತ್ರ. ಇಂಟೆಲಿನದು ಒಂದೇ ತುಂಡು ಸಿಲಿಕಾನಿನಲ್ಲಿ ರಚಿತವಾಗಿದೆ. ರೈಜೆನಿನಲ್ಲಿ ಕೋರುಗಳಿಗೊಂದು, ಹೊರಗಿನ ವ್ಯವಹಾರಕ್ಕೊಂದು ಎಂದು ಎರಡು ತುಂಡುಗಳು ಸೇರಿವೆ. ಅಂದಮೇಲೆ ಇವುಗಳಲ್ಲಿ ಯಾವುದು ಹಿರಿದೆಂಬ ಪ್ರಶ್ನೆಗೆ ಉತ್ತರವನ್ನು ಕೆಲಸವೇ ಕೊಡಬೇಕಲ್ಲದೆ ಪೆಟ್ಟಿಗೆ ಕೊಡಲಾರದು.

ನೊಗ ಹೂಡಿದಾಗ ಕಂಡದ್ದು

ಒಂದೇ ಕೋರಿಗೆ ಕೆಲಸವನ್ನು ಕೊಟ್ಟು ಅಳೆಯುವ ಪರೀಕ್ಷೆಗಳಲ್ಲಿ ಇಂಟೆಲಿನ ಪ್ರೊಸೆಸರು ಮುಂದೆ ನಿಲ್ಲುತ್ತದೆ. ಚಿತ್ರವನ್ನು ರಚಿಸುವ ಸಿನೆಬೆಂಚ್ ಎಂಬ ಸುಪ್ರಸಿದ್ಧ ಪರೀಕ್ಷೆಯಲ್ಲಿ ಈ ಮುನ್ನಡೆಯು ನೂರಕ್ಕೆ ಹತ್ತು, ಹದಿನೈದರ ಸುಮಾರಿನಲ್ಲಿರುವುದು. ಬಡಿತವು ಸಮನಾಗಿದ್ದರೂ ಬುಟ್ಟಿ ದೊಡ್ಡದೆಂಬುದಕ್ಕೆ ಇದೇ ಸಾಕ್ಷಿ. ಆರು ಕೋರುಗಳನ್ನೂ ಒಟ್ಟಿಗೆ ದುಡಿಸಿದಾಗ ಅಂತರವು ನೂರಕ್ಕೆ ಹತ್ತರ ಆಸುಪಾಸಿಗೆ ಬರುತ್ತದೆ. ಆಟಗಳಲ್ಲಾದರೋ ರೈಜೆನಿನ ದೊಡ್ಡ ಬೀರುವು ಅದರ ಕೈಹಿಡಿಯುತ್ತದೆ. ಅಲ್ಲಿ ಒಂದು ಆಟದಲ್ಲಿ ಇದು ಮುಂದೆ, ಮತ್ತೊಂದರಲ್ಲಿ ಅದು ಮುಂದೆ. ಒಟ್ಟಿನ ಮೇಲೆ ಇವೆರಡರ ನಡುವಣ ಅಂತರ ಅತ್ಯಲ್ಪ.

ಈ ಅಂತರಗಳನ್ನು ಮನುಷ್ಯನ ಅನುಭವಕ್ಕೆ ಇಳಿಸಿ ನೋಡೋಣ. ಒಂದು ಪ್ರೊಸೆಸರು 60 ಸೆಕೆಂಡಿನಲ್ಲಿ ಮುಗಿಸುವ ಕೆಲಸವನ್ನು ನೂರಕ್ಕೆ ಹತ್ತರಷ್ಟು ವೇಗದ ಮತ್ತೊಂದು ಸುಮಾರು 55 ಸೆಕೆಂಡಿನಲ್ಲಿ ಮುಗಿಸುತ್ತದೆ. ಇಡೀ ದಿನ ಚಲನಚಿತ್ರಗಳನ್ನು ಸಂಕಲಿಸುವವನಿಗೆ ಈ ಐದೈದು ಸೆಕೆಂಡುಗಳು ಕೂಡಿ ಗಂಟೆಗಳಾಗುವುವು. ಅವನು ಈ ಅಂತರಕ್ಕೆ ಬೆಲೆ ಕೊಡುವುದು ಯುಕ್ತ. ಕನ್ನಡದಲ್ಲಿ ಟಿಪ್ಪಣಿಯನ್ನು ಬೆರಳಚ್ಚು ಮಾಡುವ ಗುಮಾಸ್ತನಿಗಾದರೋ ಎರಡು ಪ್ರೊಸೆಸರುಗಳೂ ಬಹುಪಾಲು ಹೊತ್ತು ಅವನ ಮುಂದಿನ ಅಕ್ಷರಕ್ಕಾಗಿ ಕಾಯುತ್ತಲೇ ಇರುವುವು. ಆಟದ ವಿಷಯವೂ ಹೀಗೆಯೇ. ಸೆಕೆಂಡಿಗೆ 60 ಸಲ ಮಾತ್ರ ಚಿತ್ರವನ್ನು ಬದಲಿಸಬಲ್ಲ ಮಾನಿಟರನ್ನು ಮನೆಯಲ್ಲಿಟ್ಟುಕೊಂಡವನಿಗೆ 120 ಚಿತ್ರಕ್ಕೂ 125 ಚಿತ್ರಕ್ಕೂ ಇರುವ ಭೇದವು ಕಣ್ಣಿಗೆ ಬೀಳತಕ್ಕದ್ದಲ್ಲ. ಅದಲ್ಲದೆ ಸಾಧಾರಣ ಬೆಲೆಯ ಗ್ರಾಫಿಕ್ಸ್ ಕಾರ್ಡನ್ನು ಜೋಡಿಸಿದಾಗ ಕಾರ್ಡೇ ಮೊದಲು ದಣಿಯುವುದರಿಂದ ಎರಡು ಪ್ರೊಸೆಸರುಗಳೂ ಒಂದೇ ಫಲವನ್ನು ತೋರಿಸುವುವು.

ವಿದ್ಯುತ್ತಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. 65 ವಾಟೆಂಬ ಮುದ್ರೆ ಎರಡರ ಮೇಲಿದ್ದರೂ, ಇಂಟೆಲಿನವರು ತಮ್ಮದಕ್ಕೆ 117 ವಾಟಿನವರೆಗೂ ಎಳೆದುಕೊಳ್ಳುವ ಅವಕಾಶವನ್ನು ಬರೆದಿಟ್ಟಿದ್ದಾರೆ, ಎ.ಎಂ.ಡಿ.ಯದರ ಮಿತಿ 76 ವಾಟು. ಮುದ್ರೆಯಿಂದ ತಿಂಗಳ ಬಿಲ್ಲನ್ನು ಊಹಿಸುವುದು ಸಾಧ್ಯವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಇಂಟೆಲಿನದು ನಿತ್ಯದ ಕೆಲಸದಲ್ಲಿ ಆ ಮೇಲಿನ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಸುಮ್ಮನಿರುವಾಗ ಒಂದೇ ತುಂಡಿನ ರಚನೆಯ ದೆಸೆಯಿಂದ ಅದರ ವೆಚ್ಚವೇ ಕಡಿಮೆ. ಕಚೇರಿಯ ಕಂಪ್ಯೂಟರು ದಿನದ ಹೆಚ್ಚು ಹೊತ್ತು ಸುಮ್ಮನಿರುವುದೆಂಬುದನ್ನು ಬಲ್ಲವರು ಗರಿಷ್ಠದ ಅಂಕೆಗಿಂತ ಈ ಅಂಶಕ್ಕೇ ಹೆಚ್ಚು ಗಮನ ಕೊಡಬೇಕು.

ಪ್ರೊಸೆಸರಿನ ಹೊರಗಿರುವ ವೆಚ್ಚ

ಹೀಗೆ ವೇಗದ ತಕ್ಕಡಿಯಲ್ಲಿ ಮುಳ್ಳು ಅಲ್ಲಿಯೂ ಇಲ್ಲಿಯೂ ಸ್ವಲ್ಪ ಸ್ವಲ್ಪವೇ ತೂಗುತ್ತಿರುವಾಗ ತೀರ್ಪನ್ನು ಕೊಡಬೇಕಾದ ಸಂಗತಿಗಳು ಬೇರೆಯೇ ಇವೆ.

ಮೊದಲನೆಯದು ಚಿತ್ರಸಾಮರ್ಥ್ಯ. ಕೋರ್ ಐ5-12400 ತನ್ನೊಳಗೆ ಯು.ಎಚ್.ಡಿ. 730 ಎಂಬ ಗ್ರಾಫಿಕ್ಸ್ ಭಾಗವನ್ನು ಹೊಂದಿರುವುದು. ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಕೆಲಸ ಪ್ರಾರಂಭವಾಗುತ್ತದೆ. ರೈಜೆನ್ 5 5600ರಲ್ಲಿ ಈ ಭಾಗವಿಲ್ಲ. ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳದಿದ್ದರೆ ಪರದೆಯ ಮೇಲೆ ಏನೂ ಮೂಡದು. ಆಟದವನು ಹೇಗಿದ್ದರೂ ಕಾರ್ಡನ್ನು ಕೊಳ್ಳುವನಾದ್ದರಿಂದ ಅವನಿಗೆ ಇದು ಕೊರತೆಯಲ್ಲ. ಆದರೆ ನೂರು ಕಂಪ್ಯೂಟರುಗಳನ್ನು ತರಿಸುವ ಕಚೇರಿಗೆ ಇದು ನೂರು ಕಾರ್ಡುಗಳ ಖರ್ಚು.

ಒಂದೇ ಅಕ್ಷರದ ಹೆಚ್ಚುಕಡಿಮೆಯಿಂದ ಇಲ್ಲಿ ಅನರ್ಥವುಂಟಾಗಬಹುದು. ಇಂಟೆಲಿನದೇ ಐ5-12400ಎಫ್ ಎಂಬ ಮತ್ತೊಂದು ಪ್ರೊಸೆಸರಿದೆ. ಅದರಲ್ಲಿ ಗ್ರಾಫಿಕ್ಸ್ ಭಾಗವಿಲ್ಲ, ಹೊರಬಂದಾಗಿನ ಬೆಲೆಯೂ 167 ಡಾಲರು. ಎ.ಎಂ.ಡಿ.ಯವರದು 5600ಜಿ ಎಂಬುದೊಂದಿದೆ. ಅದರಲ್ಲಿ ಗ್ರಾಫಿಕ್ಸ್ ಭಾಗವಿದೆ, ಆದರೆ ಸಾಮಾನ್ಯ ಕ್ಯಾಶ್ 32 ಮೆಗಾಬೈಟಿನ ಬದಲು 16 ಮೆಗಾಬೈಟು. ಟೆಂಡರನ್ನು ಬರೆಯುವ ಗುಮಾಸ್ತನು ಒಂದು ‘ಎಫ್’ ಅನ್ನು ಸೇರಿಸಿದರೆ, ಅಥವಾ ಒಂದು ‘ಜಿ’ಯನ್ನು ಬಿಟ್ಟರೆ, ಪೆಟ್ಟಿಗೆಗಳೆಲ್ಲ ಬಂದು ಇಳಿದ ಮೇಲೆ ಕಚೇರಿಯ ತುಂಬ ಕತ್ತಲೆಯ ಪರದೆಗಳೇ ಸಾಲಾಗಿ ಕುಳಿತಿರುವುವು.

ಎರಡನೆಯದು ಮದರ್‌ಬೋರ್ಡು ಮತ್ತು ಸಾಕೆಟ್ಟು. ರೈಜೆನ್ 5600 ಕೂಡುವ ಎ.ಎಂ.4 ಸಾಕೆಟ್ಟು 2016ರಲ್ಲಿ ಬಂದದ್ದು. 2017ರ ಮೊದಲ ರೈಜೆನುಗಳಿಗಾಗಿ ಕೊಂಡ ಅನೇಕ ಬೋರ್ಡುಗಳ ಬಯಾಸನ್ನು ಹೊಸದು ಮಾಡಿದರೆ ಅವು 5600ನ್ನೂ ಸ್ವೀಕರಿಸುವುವು. ಹಳೆಯ ಬೋರ್ಡನ್ನೂ ರ್‍ಯಾಮನ್ನೂ ಎಸೆಯದೆ ಪ್ರೊಸೆಸರೊಂದನ್ನೇ ಬದಲಿಸಿ ಕಂಪ್ಯೂಟರಿಗೆ ಮರುಜೀವ ಕೊಡುವ ಈ ಸೌಕರ್ಯವು ಸಾಮಾನ್ಯವಾದುದಲ್ಲ. ಇಂಟೆಲಿನವರು 2015ರಿಂದ 2024ರೊಳಗೆ ಮೇಜಿನ ಕಂಪ್ಯೂಟರುಗಳಿಗಾಗಿ ಎಲ್.ಜಿ.ಎ. 1151, 1200, 1700, 1851 ಎಂದು ನಾಲ್ಕು ಸಾಕೆಟ್ಟುಗಳನ್ನು ಕಂಡಿದ್ದಾರೆ. ಎತ್ತನ್ನು ಬದಲಿಸಿದಾಗಲೆಲ್ಲ ನೊಗವನ್ನೂ ಬದಲಿಸಬೇಕಾದ ಸ್ಥಿತಿ. ಆದರೆ ಇಂಟೆಲಿನ ಪಕ್ಷದಲ್ಲಿಯೂ ಹೇಳಬೇಕಾದುದಿದೆ. ಐ5-12400 ಹಳೆಯ ಡಿ.ಡಿ.ಆರ್.4 ರ್‍ಯಾಮನ್ನೂ ಹೊಸ ಡಿ.ಡಿ.ಆರ್.5 ರ್‍ಯಾಮನ್ನೂ ಬೋರ್ಡಿಗೆ ತಕ್ಕಂತೆ ಒಪ್ಪಿಕೊಳ್ಳುತ್ತದೆ, ರೈಜೆನಿಗೆ ಡಿ.ಡಿ.ಆರ್.4 ಮಾತ್ರ. ಅದೇ 1700 ಸಾಕೆಟ್ಟಿನಲ್ಲಿ ಇಂಟೆಲಿನವರ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳನ್ನೂ ಮುಂದೆ ಕೂಡಿಸಬಹುದು. ಹಾಗೆ ಕೂಡಿಸುವವರು ಮೊದಲು ಬಯಾಸನ್ನು ಹೊಸದು ಮಾಡತಕ್ಕದ್ದು. ಆ ಎರಡು ಪೀಳಿಗೆಗಳ ಹಲವು ಪ್ರೊಸೆಸರುಗಳಲ್ಲಿ ಮಿತಿಮೀರಿದ ವೋಲ್ಟೇಜಿನಿಂದ ದೋಷ ತಲೆದೋರುತ್ತದೆಂದು 2024ರಲ್ಲಿ ಕಂಪನಿಯವರೇ ಒಪ್ಪಿ, ತಿದ್ದುಪಡಿಯನ್ನು ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಮುಂದುವರಿಸಿದರು. ನಮ್ಮ ಜೋಡಿಯ 12400ಕ್ಕೆ ಈ ದೋಷ ತಗುಲಿಲ್ಲ.

ಇಷ್ಟರಿಂದ ತೀರ್ಪು ತಾನಾಗಿಯೇ ಹೊರಡುತ್ತದೆ. ಹೊಸದಾಗಿ ಕಂಪ್ಯೂಟರು ಕೊಳ್ಳುವ, ಬರವಣಿಗೆ ಲೆಕ್ಕಪತ್ರಗಳ ಕೆಲಸವುಳ್ಳ ಕಚೇರಿಗೂ ಶಾಲೆಗೂ ಈ ಎರಡರಲ್ಲಿ ಕೋರ್ ಐ5-12400 ಯುಕ್ತವಾದುದು. ಮನೆಯಲ್ಲಿ ಹಳೆಯ ಎ.ಎಂ.4 ಬೋರ್ಡೂ ಒಂದು ಗ್ರಾಫಿಕ್ಸ್ ಕಾರ್ಡೂ ಇರುವವನಿಗೆ ರೈಜೆನ್ 5 5600ಕ್ಕೆ ಸಮನಾದ ಲಾಭದ ವ್ಯಾಪಾರವಿಲ್ಲ. ಎಲ್ಲವನ್ನೂ ಹೊಸದಾಗಿ ಕೊಂಡು ಕಾರ್ಡನ್ನೂ ಜೋಡಿಸುವವನು, 12400ಎಫ್ ಮತ್ತು ಅದರ ಬೋರ್ಡಿನ ಒಟ್ಟು ಬೆಲೆಯನ್ನು, 5600 ಮತ್ತು ಅದರ ಬೋರ್ಡಿನ ಒಟ್ಟು ಬೆಲೆಯೊಡನೆ ಹೋಲಿಸಿ, ಅಂದು ಅಂಗಡಿಯಲ್ಲಿ ಯಾವುದು ಅಗ್ಗವೋ ಅದನ್ನು ನಿಶ್ಚಿಂತೆಯಿಂದ ತರಬಹುದು. ಉಳಿದ ಹಣವನ್ನು ರ್‍ಯಾಮಿಗೂ ಎಸ್.ಎಸ್.ಡಿ.ಗೂ ಹಾಕಿದರೆ ಅದರ ಫಲವು ಪ್ರೊಸೆಸರುಗಳ ನಡುವಣ ಅಂತರಕ್ಕಿಂತ ಎಷ್ಟೋ ಸ್ಪಷ್ಟವಾಗಿ ಕಾಣಿಸುವುದು.

ತಕ್ಕಡಿಯನ್ನೂ ಪರೀಕ್ಷಿಸಬೇಕು

ಅಳತೆಯನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂದು ಕೇಳದೆ ಅಂಕೆಯನ್ನು ನಂಬುವವನು ವರ್ತಕನ ತಕ್ಕಡಿಯನ್ನೇ ಪ್ರಮಾಣವೆಂದು ನಂಬಿದಂತೆ. ಈ ವಿಷಯದಲ್ಲಿ ಎರಡು ಕಂಪನಿಗಳ ಚರಿತ್ರೆಯೂ ಕಲೆಯಿಲ್ಲದ್ದೇನಲ್ಲ. ಪೆಂಟಿಯಮ್ 4ರ ಪರೀಕ್ಷಾಂಕಗಳನ್ನು ತಮಗೆ ಅನುಕೂಲವಾಗುವಂತೆ ತಿರುಚಿದರೆಂಬ ವ್ಯಾಜ್ಯದಲ್ಲಿ ಇಂಟೆಲಿನವರು 2014ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, ಅರ್ಹ ಗಿರಾಕಿಗಳಿಗೆ ತಲಾ 15 ಡಾಲರು ಕೊಡಲು ರಾಜಿಯಾದರು. ಎಂಟು ಕೋರುಗಳೆಂದು ಸಾರಿ ಮಾರಿದ ಬುಲ್ಡೋಜರ್ ಪ್ರೊಸೆಸರುಗಳಲ್ಲಿ ಎರಡೆರಡು ಕೋರುಗಳು ಕೆಲವು ಅಂಗಗಳನ್ನು ಹಂಚಿಕೊಂಡಿದ್ದುವಾದ್ದರಿಂದ ಅವನ್ನು ಪೂರ್ಣ ಕೋರುಗಳೆನ್ನಬಹುದೇ ಎಂಬ ವ್ಯಾಜ್ಯದಲ್ಲಿ ಎ.ಎಂ.ಡಿ.ಯವರು 2019ರಲ್ಲಿ 1 ಕೋಟಿ 21 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡರು. ತೀರ ಈಚೆಗೆ, 2024ರ ಫೆಬ್ರುವರಿಯಲ್ಲಿ, ಪರೀಕ್ಷೆಗಳನ್ನು ರೂಪಿಸುವ ಸ್ಪೆಕ್ ಎಂಬ ಸಂಸ್ಥೆಯವರು ಇಂಟೆಲಿನ ಜಿಯಾನ್ ಪ್ರೊಸೆಸರುಗಳ 2,600ಕ್ಕೂ ಮೇಲ್ಪಟ್ಟ ಫಲಿತಾಂಶಗಳು ಊರ್ಜಿತವಲ್ಲವೆಂದು ಗುರುತುಮಾಡಿದರು. ಇಂಟೆಲಿನ ಕಂಪೈಲರು ಆ ಪರೀಕ್ಷೆಯ ಒಂದು ಭಾಗಕ್ಕೆಂದೇ ಹೊಂದಿಸಿಕೊಂಡ ಉಪಾಯವನ್ನು ಬಳಸಿತ್ತೆಂಬುದು ಕಾರಣ. ಪ್ರಶ್ನಪತ್ರಿಕೆಯನ್ನು ಮೊದಲೇ ಬಲ್ಲ ವಿದ್ಯಾರ್ಥಿಗೆ ಬಂದ ಅಂಕಗಳು ಅವನ ವಿದ್ಯೆಗೆ ಪ್ರಮಾಣವಾಗುವುದುಂಟೇ?

ಆದ್ದರಿಂದ ತುಲನೆಯ ಧರ್ಮವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಪ್ರೊಸೆಸರೊಂದನ್ನು ಬಿಟ್ಟು ಉಳಿದುದೆಲ್ಲವೂ, ಎಂದರೆ ರ್‍ಯಾಮು, ಡಿಸ್ಕು, ಗ್ರಾಫಿಕ್ಸ್ ಕಾರ್ಡು, ಸಾಫ್ಟ್‌ವೇರುಗಳು, ಎರಡು ಕಡೆಯೂ ಸಾಧ್ಯವಾದಷ್ಟು ಒಂದೇ ಆಗಿರಬೇಕು. ಒಂದು ಸಲದ ಅಳತೆಯನ್ನು ನೆಚ್ಚದೆ ಹಲವು ಸಲ ಅಳೆದು ನಡುವಣ ಫಲವನ್ನು ಹಿಡಿಯಬೇಕು. ಗೆದ್ದ ಪರೀಕ್ಷೆಗಳನ್ನು ತೋರಿಸುವಂತೆ ಸೋತವುಗಳನ್ನೂ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ನಿತ್ಯ ಮಾಡುವ ಕೆಲಸವೇ ಪರೀಕ್ಷೆಯಾಗಬೇಕು. ಮತ್ತೊಂದು ಅಂಶವನ್ನು ನಮ್ಮ ನಾಡಿನವರು ಸೇರಿಸಿಕೊಳ್ಳತಕ್ಕದ್ದು. ಈ ಅಳತೆಗಳು ಬಹುಮಟ್ಟಿಗೆ ತಂಪಾದ ಕೋಣೆಗಳಲ್ಲಿ ನಡೆದವು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವಾಗ, ಧೂಳು ಕಟ್ಟಿದ ಫ್ಯಾನಿನ ಕೆಳಗಿರುವ ಯಾವ ಪ್ರೊಸೆಸರೇ ಆಗಲಿ ಕಾವನ್ನು ತಾಳಲಾರದೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಹುದು. ಅಲ್ಲಿ ಆರು ತಿಂಗಳಿಗೊಮ್ಮೆ ಫ್ಯಾನನ್ನು ಗುಡಿಸಿದ ಕೈಯು ನೂರಕ್ಕೆ ಹತ್ತರ ಮುನ್ನಡೆಗಿಂತ ಹೆಚ್ಚು ಕೆಲಸ ಮಾಡೀತು.

ಸಾರ್ವಜನಿಕರ ಹಣ

ಗೃಹಸ್ಥನು ತಪ್ಪಿ ಕೊಂಡರೆ ನಷ್ಟ ಅವನೊಬ್ಬನದು. ಅಧಿಕಾರಿಯು ತಪ್ಪಿ ಕೊಂಡರೆ ಕಂದಾಯ ಕೊಡುವ ಪ್ರತಿಯೊಬ್ಬನದೂ ನಷ್ಟ. ಭಾರತ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 144ನೆಯದು, ಕೊಳ್ಳುವ ವಸ್ತುವಿನ ವರ್ಣನೆಯು ಸಾಧ್ಯವಾದಷ್ಟು ಮಟ್ಟಿಗೆ ಅದರ ಕಾರ್ಯವನ್ನು ತಿಳಿಸುವಂಥದೂ ಅಳೆಯಲು ಬರುವಂಥದೂ ಆಗಿರಬೇಕೆಂದೂ, ಯಾವುದೊಂದು ಕಂಪನಿಯ ಹೆಸರನ್ನಾಗಲಿ ಮುದ್ರೆಯನ್ನಾಗಲಿ ಕೇಳಬಾರದೆಂದೂ ವಿಧಿಸುತ್ತದೆ. ನಮ್ಮ ರಾಜ್ಯದಲ್ಲಿಯೂ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯನ್ನು ವಿಧಿಸುವ 1999ರ ಅಧಿನಿಯಮವಿದೆ. ಈ ತೊಡಕು ನಮ್ಮೊಬ್ಬರದೇ ಅಲ್ಲ. 2004ರಲ್ಲಿ ಯುರೋಪಿಯನ್ ಆಯೋಗದವರು ತಮ್ಮ ಒಕ್ಕೂಟದ ಹಲವು ದೇಶಗಳ ಸರಕಾರಗಳನ್ನು, ನಿಮ್ಮ ಟೆಂಡರುಗಳಲ್ಲಿ ‘ಇಂಟೆಲ್’ ಎಂಬ ಹೆಸರನ್ನೋ ಅದಕ್ಕೇ ಹೊಂದುವ ಗಿಗಾಹರ್ಟ್ಸಿನ ಅಂಕೆಯನ್ನೋ ಏಕೆ ಬರೆದಿರುವಿರೆಂದು ಪ್ರಶ್ನಿಸಬೇಕಾಯಿತು.

‘ಕೋರ್ ಐ5 ಇರತಕ್ಕದ್ದು’ ಎಂದು ಬರೆದ ಟೆಂಡರಿನಲ್ಲಿ ಪೈಪೋಟಿ ಬಾಗಿಲಲ್ಲೇ ನಿಲ್ಲುತ್ತದೆ. ಅಷ್ಟೇ ಅಲ್ಲ, ಆ ಹೆಸರು 2009ರಿಂದ ನಡೆದುಬಂದಿರುವುದರಿಂದ, ಹತ್ತು ವರ್ಷದ ಹಳೆಯ ಸರಕನ್ನು ತಂದಿಳಿಸಿದವನೂ ಶರತ್ತನ್ನು ಅಕ್ಷರಶಃ ನೆರವೇರಿಸಿದಂತಾಗುವುದು! ಇದಕ್ಕೆ ಬದಲಾಗಿ, ‘ಆರು ಕೋರುಗಳಿಗೆ ಕಡಿಮೆಯಿಲ್ಲದೆ, ಗ್ರಾಫಿಕ್ಸ್ ಭಾಗವನ್ನು ಒಳಗೊಂಡು, ಇಂಥ ಪರೀಕ್ಷೆಯಲ್ಲಿ ಇಷ್ಟು ಅಂಕವನ್ನು ಪಡೆದ, ಇಂಥ ವರ್ಷದಿಂದೀಚೆಗೆ ಹೊರಬಂದ ಪ್ರೊಸೆಸರು’ ಎಂದು ಬರೆದರೆ, ಐ5-12400ನ್ನು ತರುವವನೂ 5600ಜಿಯನ್ನು ತರುವವನೂ ಒಂದೇ ಕಣದಲ್ಲಿ ನಿಂತು ಬೆಲೆಯನ್ನು ಇಳಿಸಬೇಕಾಗುತ್ತದೆ. ಇದಕ್ಕೆ ಬೇಕಾದುದು ಅರ್ಧ ದಿನದ ಓದು. ಉಳಿಯುವುದು ಬೊಕ್ಕಸದ ಹಣ. ಹಳೆಯ ಕಂಪ್ಯೂಟರು ನಿಧಾನವೆಂದು ಹೊಸದನ್ನು ಬೇಡುವ ಮೊದಲು, ಅದರಲ್ಲಿರುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ.ಯನ್ನು ಹಾಕಿಸಿ, ರ್‍ಯಾಮನ್ನು ಹೆಚ್ಚಿಸಿ ನೋಡುವುದೂ ಅಧಿಕಾರಿಗಳ ಕರ್ತವ್ಯವೇ. ಅನೇಕ ಸಂದರ್ಭಗಳಲ್ಲಿ ನಿಧಾನದ ಅಪರಾಧಿ ಡಿಸ್ಕಾಗಿರುವುದು. ಶಿಕ್ಷೆ ಮಾತ್ರ ಪ್ರೊಸೆಸರಿಗೆ.

ಸ್ವದೇಶಿಯ ಮಾತು

ಕೊನೆಯದಾಗಿ, ಈ ಎರಡು ಹೆಸರುಗಳಿಗಾಗಿ ಕೂಲಿಯಿಲ್ಲದ ವಕೀಲರಾಗಿ ವಾದಿಸುತ್ತಿರುವ ನಮ್ಮ ತರುಣರಿಗೆ ಒಂದು ಮಾತನ್ನು ಹೇಳುವುದಿದೆ. ಕೋರ್ ಐ5-12400ರ ಸಿಲಿಕಾನು ಇಂಟೆಲಿನವರ ಸ್ವಂತ ಕಾರಖಾನೆಗಳದು; ರೈಜೆನಿನ ಕೋರುಗಳ ತುಂಡು ತೈವಾನಿನ ಟಿ.ಎಸ್.ಎಂ.ಸಿ. ಕಾರಖಾನೆಯದು. ಇವೆರಡರಲ್ಲಿ ಒಂದೂ ನಮ್ಮ ದೇಶದಲ್ಲಿ ತಯಾರಾದುದಲ್ಲ. ಹಾಗೆಂದು ನಮ್ಮವರಿಗೆ ಈ ವಿದ್ಯೆ ಬಾರದೆಂದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯವರು ಬೆಂಗಳೂರಿಗೆ ಬಂದಂದಿನಿಂದ ಚಿಪ್ಪುಗಳ ವಿನ್ಯಾಸವು ಆ ಊರಿನಲ್ಲಿ ಬೇರೂರಿದೆ. ಇಂಟೆಲಿನವರಿಗೂ ಅಲ್ಲಿ ದೊಡ್ಡ ವಿನ್ಯಾಸ ಕೇಂದ್ರವಿದೆ, ಎ.ಎಂ.ಡಿ.ಯವರು 2023ರ ನವೆಂಬರಿನಲ್ಲಿ ತಮ್ಮ ಅತ್ಯಂತ ದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲಿಯೇ ತೆರೆದರು. ಬುದ್ಧಿ ನಮ್ಮ ಊರಿನದು, ಕಾರಖಾನೆ ಪರರದು, ಮುದ್ರೆಯೂ ಪರರದು. ಕೊಳ್ಳುವ ಹಣ ಮಾತ್ರ ಮತ್ತೆ ನಮ್ಮದು.

ನಮ್ಮ ಮುದ್ರೆಯ ಪ್ರಯತ್ನಗಳೂ ನಡೆದಿವೆ. ಮದರಾಸಿನ ಐ.ಐ.ಟಿ.ಯವರು ‘ಶಕ್ತಿ’ ಎಂಬ ಪ್ರೊಸೆಸರುಗಳನ್ನೂ ಸಿ-ಡ್ಯಾಕ್ ಸಂಸ್ಥೆಯವರು ‘ವೇಗ’ ಎಂಬುವನ್ನೂ ರಚಿಸಿದ್ದಾರೆ. 2018ರಲ್ಲಿ ಶಕ್ತಿಯ ಮೊದಲ ಚಿಪ್ಪೊಂದು ಅಮೆರಿಕದಲ್ಲಿರುವ ಇಂಟೆಲಿನವರ ಕಾರಖಾನೆಯಲ್ಲಿಯೇ 22 ನ್ಯಾನೊಮೀಟರಿನ ಕ್ರಮದಲ್ಲಿ ತಯಾರಾಯಿತು; ಅದೇ ವರ್ಷ ಮತ್ತೊಂದು ನಮ್ಮ ದೇಶದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೊಮೀಟರಿನ ಕ್ರಮದಲ್ಲಿ ಹೊರಬಂತು. ಗುಜರಾತಿನ ಧೋಲೇರಾದಲ್ಲಿ ಟಾಟಾದವರು ತೈವಾನಿನ ಪವರ್‌ಚಿಪ್ ಕಂಪನಿಯವರೊಡನೆ ಕೂಡಿ ಕಟ್ಟುವ ಕಾರಖಾನೆಗೆ 2024ರ ಮಾರ್ಚಿಯಲ್ಲಿ ಅಡಿಗಲ್ಲು ಬಿತ್ತು. ಈ ಶಕ್ತಿ, ವೇಗಗಳನ್ನು ಇಂದು ನಮ್ಮ ಜೋಡಿಯ ಪಕ್ಕದಲ್ಲಿ ನಿಲ್ಲಿಸಿ ಓಡಿಸಿದರೆ ಅವು ಬಹಳ ಹಿಂದೆ ಉಳಿಯುವುವೆಂಬುದನ್ನು ಮುಚ್ಚಿಡುವುದರಿಂದ ದೇಶಾಭಿಮಾನವೇನೂ ವೃದ್ಧಿಯಾಗದು.

ಮುಂದೊಂದು ದಿನ ನಮ್ಮ ನಾಡಿನ ಪ್ರೊಸೆಸರೂ ಅಂಗಡಿಯ ಮೇಜಿನ ಮೇಲೆ ಬಂದು ಕೂಡುವುದು. ಅಂದು ಅದನ್ನು ನಮ್ಮದೆಂಬ ಕಾರಣಕ್ಕೆ ಕಣ್ಣುಮುಚ್ಚಿ ಹೊಗಳಿದರೆ ಅದು ಬೆಳೆಯಲಾರದು. ನಮ್ಮದೆಂಬ ಕಾರಣಕ್ಕೇ ಹೀಯಾಳಿಸಿದರೆ ಬದುಕಲಾರದು. ಯಾವ ಕೆಲಸಕ್ಕೆ ಅದು ಸಾಲುವುದು, ಯಾವುದಕ್ಕೆ ಸಾಲದು, ಕೊಟ್ಟ ಹಣಕ್ಕೆ ತಕ್ಕ ದುಡಿಮೆಯುಂಟೇ ಎಂದು ನಿಷ್ಪಕ್ಷಪಾತವಾಗಿ ಅಳೆದು ಹೇಳುವ ಜನರು ಅಂದು ಬೇಕಾಗುವರು. ಆ ಅಭ್ಯಾಸವು ಅಂದೇ ಹುಟ್ಟಿ ಬರಲಾರದು. ಪರದೇಶದ ಎರಡು ಸರಕುಗಳ ನಡುವೆ ಆರಿಸುವ ಈ ಸಣ್ಣ ಕಾರ್ಯದಲ್ಲಿಯೇ ಅದನ್ನು ರೂಢಿಸಿಕೊಳ್ಳಬೇಕು. ಅಳೆಯಲರಿಯದ ಜನರು ಎಂದೆಂದಿಗೂ ಹೆಸರನ್ನೇ ಕೊಳ್ಳುತ್ತಾರೆ. ಅಳೆಯಬಲ್ಲವರು ವಸ್ತುವನ್ನು ಕೊಳ್ಳುತ್ತಾರೆ, ಕಾಲಾಂತರದಲ್ಲಿ ವಸ್ತುವನ್ನು ಮಾಡಲೂ ಕಲಿಯುತ್ತಾರೆ. ಟೆಂಡರು ಬರೆಯುವ ಅಧಿಕಾರಿಗಳೂ ಮಕ್ಕಳಿಗಾಗಿ ಕಂಪ್ಯೂಟರು ಕೊಳ್ಳುವ ಗೃಹಸ್ಥರೂ ಮುಂದಿನ ಸಲ ಯಾವ ಕಂಪನಿಯದೆಂದು ಕೇಳುವ ಮೊದಲು ಯಾವ ಕೆಲಸಕ್ಕೆಂದು ತಮ್ಮನ್ನು ತಾವು ಕೇಳಿಕೊಳ್ಳಲೆಂದು ನಾವು ವಿನಂತಿಸುತ್ತೇವೆ.